ಎಫ್‌ಎಫ್‌ಟಿಗೆ ಯಾವ ಬೋರ್ಡು?

"ಎಫ್‌ಎಫ್‌ಟಿ ಮಾಡಬೇಕು, ಯಾವ ಬೋರ್ಡು ತಗೊಳ್ಳಲಿ?" ಕೊನೆಯ ವರ್ಷದ ಪ್ರಾಜೆಕ್ಟಿಗೆ ತಡಕಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಹಿಡಿದು ಕಾರ್ಖಾನೆಯ ಮೋಟರುಗಳನ್ನು ಕಾಯುವ ಮೇಂಟೆನೆನ್ಸ್ ವಿಭಾಗದವರ ತನಕ ಎಲ್ಲರೂ ಕೇಳುವುದು ಇದನ್ನೇ. ಉತ್ತರವಾಗಿ ಬರುವುದು ಬರೀ ಹೆಸರುಗಳು. ಒಬ್ಬರು ಆರ್ಡುಯಿನೊ ಸಾಕು ಅನ್ನುತ್ತಾರೆ, ಇನ್ನೊಬ್ಬರು ರಾಸ್ಪ್‌ಬೆರಿ ಪೈ ಅನ್ನುತ್ತಾರೆ, ಮೂರನೆಯವರು ಎಫ್‌ಪಿಜಿಎ ಇಲ್ಲದೆ ಆಗುವ ಕೆಲಸವೇ ಅಲ್ಲ ಎಂದು ಹೆದರಿಸಿ ಕಳಿಸುತ್ತಾರೆ. ಸಿಗ್ನಲ್ ಯಾವುದು, ಅದರಲ್ಲಿ ಏನನ್ನು ಹುಡುಕುತ್ತಿದ್ದೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅದನ್ನು ಕೇಳಿದರೆ ಬೋರ್ಡಿನ ಪ್ರಶ್ನೆ ಮುಕ್ಕಾಲು ಪಾಲು ತಾನಾಗಿಯೇ ಬಗೆಹರಿಯುತ್ತದೆ. ಇವತ್ತಿನ ಚಿಪ್ಪುಗಳಿಗೆ ಎಫ್‌ಎಫ್‌ಟಿಯ ಲೆಕ್ಕ ಅಂಥ ಹೊರೆಯೇನಲ್ಲ. ಹೊರಗಿನ ಸಿಗ್ನಲನ್ನು ಕೆಡಿಸದೆ ಚಿಪ್ಪಿನೊಳಗೆ ತಂದು ಹಾಕುವುದಿದೆಯಲ್ಲ, ಕಷ್ಟವೂ ಖರ್ಚೂ ಇರುವುದು ಅಲ್ಲಿ. ಆದರೆ ಕೊಳ್ಳುವವರ ಕಣ್ಣು ಹೋಗುವುದು ಪ್ರೊಸೆಸರಿನ ಮೆಗಾಹರ್ಟ್ಸ್ ಕಡೆಗೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಕಾಲದ ಜೊತೆ ಏರಿಳಿಯುವ ಒಂದು ಸಿಗ್ನಲಿನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಎಷ್ಟೆಷ್ಟು ಸೇರಿದೆ ಎಂದು ಬಿಡಿಸಿ ತೋರಿಸುವ ಗಣಿತಕ್ಕೆ ಫೋರಿಯರ್ ಪರಿವರ್ತನೆ ಎಂದು ಹೆಸರು. ಅದನ್ನು ಬೇಗ ಮುಗಿಸುವ ಜಾಣ ವಿಧಾನವೇ ಫಾಸ್ಟ್ ಫೋರಿಯರ್ ಟ್ರಾನ್ಸ್‌ಫಾರ್ಮ್, ಅಂದರೆ ಎಫ್‌ಎಫ್‌ಟಿ. ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ಇದನ್ನು 1965ರಲ್ಲಿ ಪ್ರಕಟಿಸಿದರು. ಜರ್ಮನಿಯ ಗೌಸ್ 1805ರ ಸುಮಾರಿಗೇ ಕ್ಷುದ್ರಗ್ರಹಗಳ ಕಕ್ಷೆ ಲೆಕ್ಕ ಹಾಕುವಾಗ ಇದೇ ಉಪಾಯವನ್ನು ಬರೆದಿಟ್ಟಿದ್ದ ಎಂಬುದು ಆಮೇಲೆ ಬೆಳಕಿಗೆ ಬಂತು. 1,024 ಸ್ಯಾಂಪಲ್‌ಗಳನ್ನು ನೇರ ದಾರಿಯಲ್ಲಿ ಬಿಡಿಸಲು 10,48,576 ಸಂಕೀರ್ಣ ಗುಣಾಕಾರ ಬೇಕು. ಎಫ್‌ಎಫ್‌ಟಿಗೆ 5,120 ಸಾಕು. ನಿಮ್ಮ ಮನೆಯ ವೈ-ಫೈ ಕೂಡ ಇದರ ಮೇಲೆಯೇ ನಿಂತಿದೆ. ಹಳೆಯ 802.11ಜಿ ಮಾನದಂಡದಲ್ಲೇ 3.2 ಮೈಕ್ರೋಸೆಕೆಂಡಿನ ಪ್ರತಿ ತುಣುಕಿಗೂ 64 ಪಾಯಿಂಟಿನ ಒಂದು ಎಫ್‌ಎಫ್‌ಟಿ ನಡೆಯುತ್ತದೆ.

ಒಂದು ಪಂಪಿನ ಲೆಕ್ಕ

ಅಮೂರ್ತವಾಗಿ ಮಾತಾಡಿದರೆ ಎಲ್ಲ ಬೋರ್ಡೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ನಿಜವಾದ ಒಂದು ಕೆಲಸ ಹಿಡಿಯೋಣ. ಪೀಣ್ಯದ ಶೆಡ್ಡಿನಲ್ಲಾಗಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಾಗಲಿ ಓಡುವ ಎರಡು ಪೋಲಿನ ಇಂಡಕ್ಷನ್ ಮೋಟರು, ಅದಕ್ಕೆ ಕಪ್ಲಿಂಗ್ ಮೂಲಕ ಜೋಡಿಸಿದ ಪಂಪು. ಸದ್ದು ಬದಲಾಗಿದೆ, ಮೈ ಮುಟ್ಟಿದರೆ ನಡುಕ ಹೆಚ್ಚಾಗಿದೆ. ಏನು ಕೆಟ್ಟಿದೆ?

50 ಹರ್ಟ್ಸ್ ವಿದ್ಯುತ್ತಿನಲ್ಲಿ ಇಂಥ ಮೋಟರಿನ ಆದರ್ಶ ವೇಗ ನಿಮಿಷಕ್ಕೆ 3,000 ಸುತ್ತು. ಲೋಡ್ ಬಿದ್ದಾಗ 2,880ರ ಆಸುಪಾಸು ಓಡುತ್ತದೆ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 48 ಸುತ್ತು. ಕಪ್ಲಿಂಗಿನ ಅಲೈನ್‌ಮೆಂಟ್ ತಪ್ಪಿದ್ದರೆ ಕಂಪನ ಸಾಮಾನ್ಯವಾಗಿ ಇದರ ಇಮ್ಮಡಿಯಲ್ಲಿ, 96 ಹರ್ಟ್ಸ್‌ನಲ್ಲಿ ಎದ್ದು ಕಾಣುತ್ತದೆ. ತೊಂದರೆ ವಿದ್ಯುತ್ತಿನ ಕಡೆಯದಾದರೆ, ಅಂದರೆ ಸ್ಟೇಟರಿನದೋ ಏರ್‌ಗ್ಯಾಪಿನದೋ ಆದರೆ, ಏಳುವುದು ಲೈನ್ ಫ್ರೀಕ್ವೆನ್ಸಿಯ ಇಮ್ಮಡಿ, 100 ಹರ್ಟ್ಸ್. 96 ಕಂಡರೆ ಫಿಟ್ಟರನ್ನು ಕರೆಯಬೇಕು, 100 ಕಂಡರೆ ವೈಂಡಿಂಗ್ ನೋಡುವವರನ್ನು. ನಡುವೆ ಇರುವುದು ನಾಲ್ಕೇ ಹರ್ಟ್ಸ್.

ಈ ನಾಲ್ಕು ಹರ್ಟ್ಸನ್ನು ಬೇರೆ ಮಾಡಲು ಏನು ಬೇಕು? ವೇಗದ ಪ್ರೊಸೆಸರ್ ಅಲ್ಲ, ಸಮಯ. ಎಫ್‌ಎಫ್‌ಟಿ ಎಷ್ಟು ಸೂಕ್ಷ್ಮವಾಗಿ ಬಿಡಿಸಬಲ್ಲದು ಎಂಬುದು ನೀವು ಸಿಗ್ನಲನ್ನು ಎಷ್ಟು ಹೊತ್ತು ದಾಖಲಿಸಿದಿರಿ ಎಂಬುದರ ಮೇಲೆ ನಿಂತಿದೆ. ಕಾಲು ಸೆಕೆಂಡು ದಾಖಲಿಸಿದರೆ ಗೆರೆಗಳ ಅಂತರ 4 ಹರ್ಟ್ಸ್, ಒಂದು ಸೆಕೆಂಡಿಗೆ 1 ಹರ್ಟ್ಸ್. ತುದಿಗಳಲ್ಲಿ ಸಿಗ್ನಲ್ ಕತ್ತರಿಸಿದಂತಾಗಿ ಚೆಲ್ಲಾಡದಿರಲೆಂದು ಹಾನ್ ವಿಂಡೋ ಹಾಕುತ್ತೇವೆ. ಅದು ಪ್ರತಿ ಶಿಖರವನ್ನೂ ನಾಲ್ಕು ಗೆರೆಯಷ್ಟು ಅಗಲ ಮಾಡುತ್ತದೆ. ಹಾಗಾಗಿ 96ನ್ನೂ 100ನ್ನೂ ಸ್ವಚ್ಛವಾಗಿ ಬಿಡಿಸಿ ನೋಡಬೇಕಾದರೆ ಸುಮಾರು ಒಂದು ಸೆಕೆಂಡಿನ ದಾಖಲೆ ಬೇಕೇ ಬೇಕು. ಐನೂರು ರೂಪಾಯಿಯ ಬೋರ್ಡಿಗೂ ಐದು ಲಕ್ಷದ ಉಪಕರಣಕ್ಕೂ ಇದು ಒಂದೇ ನಿಯಮ, ಹಣ ಕೊಟ್ಟು ಇದನ್ನು ಕಡಿಮೆ ಮಾಡಿಸಲಾಗದು.

ಇನ್ನು ಮೇಲಿನ ಮಿತಿ. ಮೋಟರಿನಲ್ಲಿ 6205 ಬೇರಿಂಗ್ ಇದೆ ಎನ್ನಿ. ಇದರ ಹೊರ ರೇಸಿನಲ್ಲಿ ಗಾಯವಾದರೆ ಶಾಫ್ಟ್ ವೇಗದ ಸುಮಾರು 3.58 ಪಟ್ಟು, ಒಳ ರೇಸಿನಲ್ಲಾದರೆ ಸುಮಾರು 5.42 ಪಟ್ಟು ಫ್ರೀಕ್ವೆನ್ಸಿಯಲ್ಲಿ ಏಟು ಬೀಳುತ್ತದೆ. ನಮ್ಮ 48 ಹರ್ಟ್ಸ್ ಮೋಟರಿಗೆ ಇವು ಕ್ರಮವಾಗಿ 172 ಮತ್ತು 260 ಹರ್ಟ್ಸ್. ಅವುಗಳ ಐದಾರು ಗುಣಕಗಳೂ ಕಾಣಬೇಕು, ಆದ್ದರಿಂದ 1,600 ಹರ್ಟ್ಸ್ ತನಕ ನೋಡೋಣ. ಕಂಪನ ಅಳೆಯುವ ಉಪಕರಣಗಳಲ್ಲಿ ಮೇಲಿನ ಮಿತಿಯ 2.56 ಪಟ್ಟು ವೇಗದಲ್ಲಿ ಸ್ಯಾಂಪಲ್ ಮಾಡುವುದು ರೂಢಿ. 1,600ಕ್ಕೆ ಅದು ಸೆಕೆಂಡಿಗೆ 4,096. ಒಂದು ಸೆಕೆಂಡು ದಾಖಲಿಸಬೇಕು ಎಂದೆವು, ಹಾಗಾಗಿ ಎಫ್‌ಎಫ್‌ಟಿಯ ಉದ್ದವೂ 4,096 ಪಾಯಿಂಟು.

ಈಗ ಲೆಕ್ಕದ ಹೊರೆ ಎಷ್ಟು ನೋಡಿ. ಸ್ಯಾಂಪಲ್‌ಗಳ ಸಂಖ್ಯೆ, ಅದು ಎರಡರ ಎಷ್ಟನೆಯ ಘಾತ ಎಂಬ ಸಂಖ್ಯೆ, ಇವೆರಡನ್ನೂ ಗುಣಿಸಿ ಐದರಿಂದ ಮತ್ತೆ ಗುಣಿಸಿದರೆ ಬೇಕಾಗುವ ಕೂಡು-ಗುಣಿಸುಗಳ ಸ್ಥೂಲ ಅಂದಾಜು ಸಿಗುತ್ತದೆ. 4,096 ಎಂದರೆ ಎರಡರ 12ನೇ ಘಾತ, ಆದ್ದರಿಂದ 2,45,760. 100 ಮೆಗಾಹರ್ಟ್ಸ್ ಚಿಪ್ಪೊಂದು ಬಹಳ ಸೋಮಾರಿಯಾಗಿ, ಒಂದೊಂದು ಲೆಕ್ಕಕ್ಕೆ ಹತ್ತು ಕ್ಲಾಕ್ ತಿಂದರೂ ಎಲ್ಲ ಮುಗಿಯುವುದು 25 ಮಿಲಿಸೆಕೆಂಡಿನಲ್ಲಿ. ಮೂರು ದಿಕ್ಕಿನ ಕಂಪನ ನೋಡಿದರೂ 75. ಉಳಿದ 925 ಮಿಲಿಸೆಕೆಂಡು ಚಿಪ್ಪು ಸುಮ್ಮನೆ ಕೂತಿರುತ್ತದೆ. ಕೆಲವೇ ನೂರು ರೂಪಾಯಿಗೆ ಸಿಗುವ ಎಸ್‌ಟಿಎಂ32ಎಫ್411 ಬೋರ್ಡು, ಅಂಗಡಿಯವರ ಭಾಷೆಯಲ್ಲಿ 'ಬ್ಲ್ಯಾಕ್ ಪಿಲ್', ಈ ದರ್ಜೆಯದು.

ಇಷ್ಟು ಸುಲಭವಾದರೆ ಇಂಥ ಪ್ರಾಜೆಕ್ಟುಗಳು ಸೋಲುವುದೇಕೆ?

ಸೋಲುವುದು ಬಾಗಿಲಲ್ಲಿ

ಮೊದಲ ಸೋಲು ಸೆನ್ಸರಿನಲ್ಲಿ. ಕಾಲೇಜು ಪ್ರಾಜೆಕ್ಟುಗಳ ಅಚ್ಚುಮೆಚ್ಚಿನ ಎಂಪಿಯು6050 ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಅದರ ಆಕ್ಸೆಲರೋಮೀಟರ್ ಗ್ರಹಿಸುವುದು ಹೆಚ್ಚೆಂದರೆ 260 ಹರ್ಟ್ಸ್ ತನಕ, ಸೆಕೆಂಡಿಗೆ ಕೊಡುವ ಸ್ಯಾಂಪಲ್ 1,000. ನಮ್ಮ ಬೇರಿಂಗಿನ ಒಳ ರೇಸು ಸರಿಯಾಗಿ ಅದರ ಅಂಚಿನಲ್ಲಿದೆ, ಗುಣಕಗಳಂತೂ ಕೈಗೇ ಸಿಗುವುದಿಲ್ಲ. ಅದರ ಹಿಂದೆ ಎಂಥ ಪ್ರೊಸೆಸರ್ ಕೂರಿಸಿದರೂ ಉಪಯೋಗವಿಲ್ಲ. ಎಡಿಎಕ್ಸ್‌ಎಲ್345 ಸೆಕೆಂಡಿಗೆ 3,200 ಸ್ಯಾಂಪಲ್ ಕೊಡುತ್ತದೆ, ಅಲೈನ್‌ಮೆಂಟ್, ಬ್ಯಾಲೆನ್ಸ್ ನೋಡುವುದಕ್ಕೆ ಸಾಲುತ್ತದೆ. ಬೇರಿಂಗ್ ನೋಡಬೇಕಾದರೆ ಯಂತ್ರಗಳ ಕಂಪನಕ್ಕೆಂದೇ ಮಾಡಿದವು ಬೇಕು. ಎಸ್‌ಟಿ ಕಂಪನಿಯ ಐಐಎಸ್3ಡಿಡಬ್ಲ್ಯುಬಿ ಸೆಕೆಂಡಿಗೆ ಸುಮಾರು 26,700 ಸ್ಯಾಂಪಲ್ ಕೊಡುತ್ತದೆ, 6 ಕಿಲೋಹರ್ಟ್ಸ್ ತನಕ ನಂಬಬಹುದು. ಅನಲಾಗ್ ಡಿವೈಸಸ್‌ನ ಎಡಿಎಕ್ಸ್‌ಎಲ್1002 ಹನ್ನೊಂದು ಕಿಲೋಹರ್ಟ್ಸ್ ತನಕ ಹೋಗುತ್ತದೆ, ಆದರೆ ಅದರದು ಅನಲಾಗ್ ಔಟ್‌ಪುಟ್, ಅದನ್ನು ಅಂಕಿಗಳಾಗಿ ಬದಲಿಸುವ ಎಡಿಸಿಯ ತಲೆನೋವು ನಿಮ್ಮದು. ಯಾವುದನ್ನೇ ಕೊಂಡರೂ ಟೇಪಿನಲ್ಲಿ ಅಂಟಿಸಬೇಡಿ. ಸಡಿಲವಾಗಿ ಕೂತ ಸೆನ್ಸರ್ ಮೇಲಿನ ಫ್ರೀಕ್ವೆನ್ಸಿಗಳನ್ನು ನುಂಗಿಹಾಕುತ್ತದೆ. ಬೇರಿಂಗ್ ಹೌಸಿಂಗಿಗೆ ಸ್ಟಡ್ ಹಾಕಿ ಬಿಗಿಯುವುದು ಉತ್ತಮ, ಬಲವಾದ ಅಯಸ್ಕಾಂತ ಎರಡನೆಯ ಆಯ್ಕೆ.

ಎರಡನೆಯದು ಸ್ಯಾಂಪಲ್ ತೆಗೆಯುವ ಹೊತ್ತಿನ ತಪ್ಪು. ಲೂಪಿನೊಳಗೆ ಎಡಿಸಿ ಓದಿ, ಒಂದು ಡಿಲೇ ಕೊಟ್ಟು, ಮತ್ತೆ ಓದುವ ಪ್ರೋಗ್ರಾಮುಗಳನ್ನು ಎಲ್ಲೆಲ್ಲೂ ಕಾಣುತ್ತೇವೆ. ನಡುವೆ ಇಂಟರಪ್ಟ್ ಬಂದರೆ ಓದು ಐದು ಮೈಕ್ರೋಸೆಕೆಂಡು ಹಿಂದೆ ಮುಂದೆ ಆಗುತ್ತದೆ. ಅಷ್ಟರಲ್ಲಿ ಏನು ಮಹಾ ಎನ್ನಬೇಡಿ. 1,000 ಹರ್ಟ್ಸ್ ಸಿಗ್ನಲಿನ ಮೇಲೆ ಐದು ಮೈಕ್ರೋಸೆಕೆಂಡಿನ ಅಡ್ಡಾದಿಡ್ಡಿ ಓಲಾಟ ಇದ್ದರೆ, ಸಿಗ್ನಲಿಗೂ ಗದ್ದಲಕ್ಕೂ ಇರುವ ಅಂತರ 30 ಡೆಸಿಬೆಲ್‌ಗೆ ಇಳಿಯುತ್ತದೆ. ಆದರ್ಶ 12 ಬಿಟ್ ಎಡಿಸಿಯ ಅಂತರ 74 ಡೆಸಿಬೆಲ್. ನೀವು 12 ಬಿಟ್ಟಿಗೆ ಹಣ ಕೊಟ್ಟು ಐದು ಬಿಟ್ಟನ್ನೂ ಪಡೆಯುತ್ತಿಲ್ಲ ಎಂದಾಯಿತು. ಇದಕ್ಕೆ ಮದ್ದು ದುಬಾರಿ ಏನಲ್ಲ. ಹಾರ್ಡ್‌ವೇರ್ ಟೈಮರ್ ಎಡಿಸಿಯನ್ನು ತಟ್ಟಬೇಕು, ಡಿಎಂಎ ಅದರ ಫಲಿತವನ್ನು ನೇರವಾಗಿ ಮೆಮೊರಿಗೆ ಸೇರಿಸಬೇಕು, ಪ್ರೋಗ್ರಾಮು ನಡುವೆ ಕೈ ಹಾಕಬಾರದು. ಬೋರ್ಡು ಆರಿಸುವಾಗ ಈ ಎರಡು ಸೌಲಭ್ಯ ಒಟ್ಟಿಗೆ ಕೆಲಸ ಮಾಡುತ್ತವೆಯೇ ಎಂದು ಡೇಟಾಶೀಟಿನಲ್ಲಿ ಹುಡುಕಿ. ಮೆಗಾಹರ್ಟ್ಸ್ ಆಮೇಲೆ ನೋಡಿದರಾಯಿತು.

ಮೂರನೆಯದು ಅತಿ ಅಪಾಯದ್ದು, ಏಕೆಂದರೆ ಅದು ಸೋಲಿನ ಹಾಗೆ ಕಾಣುವುದೇ ಇಲ್ಲ. ಪಂಪನ್ನು ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಮೂಲಕ ಓಡಿಸುತ್ತಿದ್ದೀರಿ, ಅದರ ಸ್ವಿಚಿಂಗ್ ಫ್ರೀಕ್ವೆನ್ಸಿ 4 ಕಿಲೋಹರ್ಟ್ಸ್ ಎಂದುಕೊಳ್ಳಿ. ಆ ಕೀರಲು ಸದ್ದು ಮೋಟರಿನ ಮೈಯಲ್ಲೂ ಇರುತ್ತದೆ. ನೀವು ಸ್ಯಾಂಪಲ್ ಮಾಡುತ್ತಿರುವುದು ಸೆಕೆಂಡಿಗೆ 4,096. ಅದರ ಅರ್ಧಕ್ಕಿಂತ ಮೇಲಿರುವುದೆಲ್ಲ ಮಡಚಿಕೊಂಡು ಕೆಳಗೆ ಬಂದು ಕೂರುತ್ತದೆ. 4,096ರಿಂದ 4,000 ಕಳೆದರೆ 96. ಇಲ್ಲದ ಅಲೈನ್‌ಮೆಂಟ್ ದೋಷವೊಂದು ಪರದೆಯ ಮೇಲೆ ಚೂಪಾಗಿ, ಸ್ಪಷ್ಟವಾಗಿ, ನಂಬುವ ಹಾಗೆ ನಿಂತಿದೆ! ಫಿಟ್ಟರ್ ಬಂದು ಕಪ್ಲಿಂಗ್ ಬಿಚ್ಚುತ್ತಾನೆ.

ಒಮ್ಮೆ ಮಡಚಿಕೊಂಡದ್ದನ್ನು ಯಾವ ಸಾಫ್ಟ್‌ವೇರೂ ಬಿಡಿಸಲಾರದು. ಎಡಿಸಿಗಿಂತ ಮುಂಚೆಯೇ ತಡೆಯಬೇಕು. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಿದ ಫಿಲ್ಟರ್ ನಿಧಾನವಾಗಿ ಇಳಿಯುವುದರಿಂದ 1,600 ಹರ್ಟ್ಸನ್ನು ಬಿಟ್ಟು 4,000 ಅನ್ನು ತಡೆಯುವಷ್ಟು ಚುರುಕಲ್ಲ. ಅನುಕೂಲದ ದಾರಿ ಎಂದರೆ ಬೇಕಾದ್ದಕ್ಕಿಂತ ಎಂಟು ಪಟ್ಟು ವೇಗದಲ್ಲಿ, ಸೆಕೆಂಡಿಗೆ 32,768ರಂತೆ ಸ್ಯಾಂಪಲ್ ಮಾಡುವುದು, ಚಿಪ್ಪಿನಲ್ಲೇ ಡಿಜಿಟಲ್ ಫಿಲ್ಟರ್ ಹಾಕುವುದು, ಆಮೇಲೆ ಎಂಟರಲ್ಲಿ ಒಂದನ್ನು ಇಟ್ಟುಕೊಳ್ಳುವುದು. ಆಗ ಎಡಿಸಿಯ ಮುಂದಿನ ಸಣ್ಣ ಫಿಲ್ಟರಿಗೆ ಉಸಿರಾಡಲು ಜಾಗ ಸಿಗುತ್ತದೆ. ಸಿಗ್ಮಾ-ಡೆಲ್ಟಾ ಮಾದರಿಯ ಎಡಿಸಿಗಳು ಈ ಕೆಲಸವನ್ನು ತಮ್ಮೊಳಗೇ ಮಾಡಿಕೊಳ್ಳುತ್ತವೆ. ಆಡಿಯೊ ಕೋಡೆಕ್‌ಗಳು ಈ ಜಾತಿಯವು, ಅದಕ್ಕೇ ಅಗ್ಗದ ಸೌಂಡ್ ಕಾರ್ಡು ಎಷ್ಟೋ ಸಲ ಮೈಕ್ರೊಕಂಟ್ರೋಲರಿನ ಎಡಿಸಿಗಿಂತ ಚೆನ್ನಾದ ಸ್ಪೆಕ್ಟ್ರಮ್ ಕೊಡುತ್ತದೆ. ಒಂದು ಎಚ್ಚರ: ಅವುಗಳ ಬಾಗಿಲಲ್ಲಿ ಕೆಪಾಸಿಟರ್ ಇರುವುದರಿಂದ ಕೆಲವೇ ಹರ್ಟ್ಸ್‌ನ ನಿಧಾನ ಕಂಪನ ಒಳಗೆ ಬರುವುದಿಲ್ಲ. ನಿಧಾನವಾಗಿ ತಿರುಗುವ ದೊಡ್ಡ ಯಂತ್ರಗಳಿಗೆ ಬೇಡ.

ಮೆಮೊರಿ, ಮತ್ತೆ ಸಂಖ್ಯೆಗಳ ಬಗೆ

ಎಫ್‌ಎಫ್‌ಟಿ ಬೋರ್ಡು ಆರಿಸುವಾಗ ವೇಗಕ್ಕಿಂತ ಮುಂಚೆ ಖಾಲಿಯಾಗುವುದು ರ್‍ಯಾಮ್. 4,096 ಸ್ಯಾಂಪಲನ್ನು ಫ್ಲೋಟ್ ಆಗಿ ಇಟ್ಟರೆ 16 ಕಿಲೋಬೈಟ್. ಫಲಿತಕ್ಕೆ ಇನ್ನೊಂದು 16. ಹಳೆಯ ತುಂಡಿನ ಲೆಕ್ಕ ನಡೆಯುವಾಗ ಹೊಸ ತುಂಡು ತುಂಬುತ್ತಿರಬೇಕು, ಅಂದರೆ ಪ್ರತಿ ಚಾನೆಲ್ಲಿಗೂ ಎರಡೆರಡು ಬಫರ್. ಬರುವ ದತ್ತವನ್ನು 16 ಬಿಟ್ಟಿನಲ್ಲೇ ಇಟ್ಟುಕೊಂಡು ಲೆಕ್ಕದ ಹೊತ್ತಿಗೆ ಮಾತ್ರ ಫ್ಲೋಟ್ ಮಾಡಿಕೊಂಡರೆ ಮೂರು ಚಾನೆಲ್ಲಿಗೆ 48, ಲೆಕ್ಕಕ್ಕೆ 32, ಒಟ್ಟು 80 ಕಿಲೋಬೈಟ್. ಎಫ್411ನಲ್ಲಿ 128 ಇದೆ, ಸಾಲುತ್ತದೆ. ಆರ್ಡುಯಿನೊ ಊನೋದಲ್ಲಿ ಇರುವುದು 2 ಕಿಲೋಬೈಟ್. 256 ಪಾಯಿಂಟಿನ ಎಫ್‌ಎಫ್‌ಟಿಗೆ ವಾಸ್ತವ ಮತ್ತು ಕಾಲ್ಪನಿಕ ಭಾಗಗಳ ಎರಡು ಫ್ಲೋಟ್ ಸಾಲು ಇಟ್ಟರೆ ಅಷ್ಟೂ ಮುಗಿಯಿತು, ಬೇರೇನಕ್ಕೂ ಒಂದು ಬೈಟ್ ಇಲ್ಲ. ಎಲ್‌ಇಡಿ ದೀಪಗಳು ಹಾಡಿಗೆ ಕುಣಿಯಬೇಕಾದರೆ ಊನೋ ಸಾಕು. ಪಂಪಿಗೆ ಆಗದು.

ಚಿಪ್ಪಿನಲ್ಲಿ ಫ್ಲೋಟಿಂಗ್ ಪಾಯಿಂಟ್ ಘಟಕ ಇದೆಯೇ ಎಂಬುದನ್ನೂ ನೋಡಿ. ಇಲ್ಲದಿದ್ದರೆ 16 ಬಿಟ್ ಪೂರ್ಣಾಂಕದಲ್ಲಿ ಲೆಕ್ಕ ಮಾಡಬೇಕಾಗುತ್ತದೆ. ಎಫ್‌ಎಫ್‌ಟಿಯ ಪ್ರತಿ ಹಂತದಲ್ಲೂ ಸಂಖ್ಯೆ ಇಮ್ಮಡಿಯಾಗುವ ಸಾಧ್ಯತೆ ಇರುವುದರಿಂದ ಲೈಬ್ರರಿಗಳು ಪ್ರತಿ ಹಂತದಲ್ಲೂ ಅದನ್ನು ಅರ್ಧ ಮಾಡುತ್ತವೆ. 4,096ಕ್ಕೆ ಇಂಥ ಹನ್ನೆರಡು ಹಂತ. 48 ಹರ್ಟ್ಸ್‌ನ ದೊಡ್ಡ ಶಿಖರ ಹೇಗೋ ಉಳಿಯುತ್ತದೆ, ನಮಗೆ ಬೇಕಾದ ಬೇರಿಂಗಿನ ಸಣ್ಣ ಸದ್ದು ತಳದಲ್ಲಿ ಕರಗಿಹೋಗುತ್ತದೆ. ಪಳಗಿದವರು ಇದನ್ನೂ ನಿಭಾಯಿಸುತ್ತಾರೆ ನಿಜ. ಆದರೆ ಫ್ಲೋಟ್ ಇರುವ ಚಿಪ್ಪು ಅದೇ ಬೆಲೆಯ ಆಸುಪಾಸಿನಲ್ಲಿ ಸಿಗುವಾಗ ಈ ಸರ್ಕಸ್ಸು ಏಕೆ?

ಈ ಕಣ್ಣಿನಿಂದ ಮಾರುಕಟ್ಟೆಯನ್ನು ನೋಡಿದರೆ ಪಟ್ಟಿ ಬೇಗ ಚಿಕ್ಕದಾಗುತ್ತದೆ. ಎಸ್‌ಟಿಎಂ32ಎಫ್103ರ 'ಬ್ಲೂ ಪಿಲ್' ಬಿಡಿ, 20 ಕಿಲೋಬೈಟ್ ರ್‍ಯಾಮ್, ಫ್ಲೋಟ್ ಇಲ್ಲ. ಮೇಲಾಗಿ ಆ ಹೆಸರಿನಲ್ಲಿ ನಕಲಿ ಚಿಪ್ಪುಗಳು ಧಾರಾಳವಾಗಿ ಓಡಾಡುತ್ತಿವೆ. ರಾಸ್ಪ್‌ಬೆರಿ ಪೈ ಪೀಕೋದ ಮೊದಲ ಆವೃತ್ತಿಗೆ 264 ಕಿಲೋಬೈಟ್ ರ್‍ಯಾಮ್ ಇದ್ದರೂ ಫ್ಲೋಟ್ ಘಟಕ ಇಲ್ಲ, 12 ಬಿಟ್ ಎಂದು ಬರೆದಿರುವ ಅದರ ಎಡಿಸಿಯ ನಿಜವಾದ ಸಾಮರ್ಥ್ಯ 8.7 ಬಿಟ್ ಎಂದು ಡೇಟಾಶೀಟೇ ಒಪ್ಪಿಕೊಳ್ಳುತ್ತದೆ. ಪೀಕೋ 2ರಲ್ಲಿ ಫ್ಲೋಟ್ ಬಂದಿದೆ, ರ್‍ಯಾಮ್ 520 ಕಿಲೋಬೈಟ್. ಡಿಜಿಟಲ್ ಸೆನ್ಸರ್ ಜೋಡಿಸುವುದಾದರೆ ಒಳ್ಳೆಯ ಆಯ್ಕೆ. ಇಎಸ್‌ಪಿ32ಕ್ಕೆ 240 ಮೆಗಾಹರ್ಟ್ಸ್ ವೇಗ, ಎರಡು ಕೋರ್, ಫ್ಲೋಟ್, ವೈ-ಫೈ ಎಲ್ಲ ಇದೆ, ಎಡಿಸಿ ಮಾತ್ರ ಅದರ ಮಾನ ಕಳೆಯುತ್ತದೆ. ಎರಡು ತುದಿಗಳಲ್ಲಿ ಅದು ಸೊಟ್ಟ, ಎರಡನೆಯ ಎಡಿಸಿಯಂತೂ ವೈ-ಫೈ ಚಾಲೂ ಇದ್ದಾಗ ಸಿಗುವುದೇ ಇಲ್ಲ. ಅದರ ಎಡಿಸಿಯನ್ನು ಮುಟ್ಟದೆ ಐ2ಎಸ್ ಅಥವಾ ಎಸ್‌ಪಿಐ ಮೂಲಕ ಸೆನ್ಸರ್ ಜೋಡಿಸಿದರೆ ಬಡವರ ಪಾಲಿಗೆ ಇದಕ್ಕಿಂತ ಒಳ್ಳೆಯ ವೈರ್‌ಲೆಸ್ ಕಂಪನ ಮಾಪಕ ಇಲ್ಲ. ಧ್ವನಿಯ ಕೆಲಸಕ್ಕೆ ಟೀನ್ಸಿ 4.1: 600 ಮೆಗಾಹರ್ಟ್ಸ್, 1 ಮೆಗಾಬೈಟ್ ರ್‍ಯಾಮ್, 1,024 ಪಾಯಿಂಟಿನ ಎಫ್‌ಎಫ್‌ಟಿ ಸಿದ್ಧವಿರುವ ಆಡಿಯೊ ಲೈಬ್ರರಿ. ಬೆಲೆ ಜಾಸ್ತಿ, ಕೆಲಸ ಬೇಗ.

ಇನ್ನು ರಾಸ್ಪ್‌ಬೆರಿ ಪೈ 4 ಅಥವಾ 5. ಲೆಕ್ಕದಲ್ಲಿ ಇವು ಭೀಮ, ಆದರೆ ಅನಲಾಗ್ ಇನ್‌ಪುಟ್ ಇಲ್ಲವೇ ಇಲ್ಲ. ಲಿನಕ್ಸ್ ನಂಬಿಕೊಂಡು ಪಿನ್ನಿನಿಂದ ಒಂದೊಂದೇ ಸ್ಯಾಂಪಲ್ ಓದಿದರೆ ಮೇಲೆ ಹೇಳಿದ ಓಲಾಟ ಇನ್ನಷ್ಟು ಕೆಟ್ಟದಾಗಿರುತ್ತದೆ. ಯುಎಸ್‌ಬಿ ಸೌಂಡ್ ಕಾರ್ಡು ಅಥವಾ ಐ2ಎಸ್ ಕೋಡೆಕ್ ಹಾಕಿ. ಆಗ ಗಡಿಯಾರ ಕೋಡೆಕ್ಕಿನದು, ಲಿನಕ್ಸ್ ಸ್ವಲ್ಪ ತಡವಾಗಿ ಎದ್ದರೂ ಸ್ಯಾಂಪಲ್‌ಗಳ ನಡುವಿನ ಅಂತರ ಕೆಡುವುದಿಲ್ಲ.

ಲೈಬ್ರರಿಯೂ ಆಯ್ಕೆಯ ಭಾಗವೇ. ಎಫ್‌ಎಫ್‌ಟಿಯನ್ನು ನೀವೇ ಬರೆಯಬೇಡಿ, ಕಲಿಯುವುದಕ್ಕಾದರೆ ಮಾತ್ರ ಬರೆಯಿರಿ. ಆರ್ಮ್ ಚಿಪ್ಪುಗಳಿಗೆ ಸಿಎಂಸಿಸ್-ಡಿಎಸ್‌ಪಿ, ಇಎಸ್‌ಪಿ32ಕ್ಕೆ ಇಎಸ್‌ಪಿ-ಡಿಎಸ್‌ಪಿ, ಲಿನಕ್ಸಿಗೆ ಎಂಐಟಿಯಲ್ಲಿ ಹುಟ್ಟಿದ ಎಫ್‌ಎಫ್‌ಟಿಡಬ್ಲ್ಯು ಇವೆ. ಸಿಗ್ನಲ್ ವಾಸ್ತವ ಸಂಖ್ಯೆಗಳದ್ದಾದರೆ ಅದಕ್ಕೆಂದೇ ಇರುವ ಆವೃತ್ತಿಯನ್ನು ಬಳಸಿ, ಕೆಲಸ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಎಫ್‌ಪಿಜಿಎ, ಜಿಪಿಯು ಯಾವಾಗ?

ರೇಡಿಯೊಗೆ ಬಂದಾಗ ಅಂಕಿಗಳು ಜಿಗಿಯುತ್ತವೆ. ಹವ್ಯಾಸಿಗಳ ಮೆಚ್ಚಿನ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಸಲೀಸಾಗಿ ಕೊಡುತ್ತದೆ. 4,096 ಪಾಯಿಂಟಿನಂತೆ ಸೆಕೆಂಡಿಗೆ 586 ಎಫ್‌ಎಫ್‌ಟಿ, ಸುಮಾರು 14.4 ಕೋಟಿ ಲೆಕ್ಕ. ದೊಡ್ಡದಾಗಿ ಕೇಳಿಸುತ್ತದೆ, ಆದರೆ ಹಳೆಯ ಲ್ಯಾಪ್‌ಟಾಪು ಕೂಡ ಬೆವರದೆ ಮಾಡುತ್ತದೆ. ಇಲ್ಲಿಯೂ ಮಿತಿ ಬರುವುದು ಡಾಂಗಲ್ಲಿನ 8 ಬಿಟ್ ಎಡಿಸಿಯಿಂದ. ಇಂಥ ಕೆಲಸಕ್ಕೆ ಜಿಪಿಯು ಕಾರ್ಡು ಕೇಳುವವರಿದ್ದಾರೆ, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಒಳಗಿನ ಸರ್ಕ್ಯೂಟನ್ನೇ ನಮಗೆ ಬೇಕಾದಂತೆ ಜೋಡಿಸಿಕೊಳ್ಳುವ ಚಿಪ್ಪು, ಅಂದರೆ ಎಫ್‌ಪಿಜಿಎ ಬೇಕಾಗುವ ಜಾಗ ಬೇರೆ. ರೆಡ್ ಪಿಟಾಯಾ ಎಂಬ ಬೋರ್ಡಿನ 125-14 ಮಾದರಿಯನ್ನು ತೆಗೆದುಕೊಳ್ಳಿ. 14 ಬಿಟ್ಟಿನ ಎರಡು ಚಾನೆಲ್ಲು, ಒಂದೊಂದರಲ್ಲೂ ಸೆಕೆಂಡಿಗೆ 12.5 ಕೋಟಿ ಸ್ಯಾಂಪಲ್. ಒಂದು ಸ್ಯಾಂಪಲಿಗೆ ಎರಡು ಬೈಟಿನಂತೆ ಒಂದೇ ಚಾನೆಲ್ಲಿನಿಂದ ಸೆಕೆಂಡಿಗೆ 250 ಮೆಗಾಬೈಟ್ ಹರಿಯುತ್ತದೆ. ಬೋರ್ಡಿನಿಂದ ಹೊರಗೆ ಹೋಗುವ ಗಿಗಾಬಿಟ್ ಈಥರ್‌ನೆಟ್ ಹೆಚ್ಚೆಂದರೆ 125 ಹೊರಬಲ್ಲದು. ಆಚೆ ಎಂಥ ಸೂಪರ್ ಕಂಪ್ಯೂಟರ್ ಕಾಯುತ್ತಿದ್ದರೂ ಅಷ್ಟೂ ದತ್ತ ಅಲ್ಲಿಗೆ ತಲುಪುವುದಿಲ್ಲ. ಹಾಗಾಗಿ ದತ್ತ ಹುಟ್ಟಿದ ಕಡೆಯೇ, ಎಫ್‌ಪಿಜಿಎಯೊಳಗೇ ಅದನ್ನು ಬಿಡಿಸಿ, ಸೋಸಿ, ಬೇಕಾದ್ದನ್ನು ಮಾತ್ರ ಹೊರಗೆ ಕಳಿಸಬೇಕು. ಎಫ್‌ಪಿಜಿಎಯಲ್ಲಿ ಎಫ್‌ಎಫ್‌ಟಿಯ ಹಂತಗಳನ್ನು ಸಾಲಾಗಿ ಹರಡಿ, ಪ್ರತಿ ಕ್ಲಾಕಿಗೂ ಒಂದು ಸ್ಯಾಂಪಲ್ ಒಳಗೆ, ಒಂದು ಫಲಿತ ಹೊರಗೆ ಬರುವಂತೆ ಮಾಡಬಹುದು. ಸಿದ್ಧ ಎಫ್‌ಎಫ್‌ಟಿ ಬ್ಲಾಕುಗಳನ್ನು ಚಿಪ್ ತಯಾರಕರೇ ಕೊಡುತ್ತಾರೆ. ಆದರೂ ಸುತ್ತಲಿನ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಪ್ರಾಜೆಕ್ಟ್ ಸಲ್ಲಿಸಲು ಎಂಟು ವಾರ ಉಳಿದಿರುವಾಗ ಹೊಸದಾಗಿ ಎಫ್‌ಪಿಜಿಎಗೆ ಬೇಕಾದ ವೆರಿಲಾಗ್ ಭಾಷೆ ಕಲಿಯಲು ಹೋಗಬೇಡಿ.

ಇದೇ ತರ್ಕದ ದೊಡ್ಡ ರೂಪ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದೆ. 2013ರಲ್ಲಿ ಕೆಲಸ ಶುರುಮಾಡಿದ ಮರ್ಚಿಸನ್ ವೈಡ್‌ಫೀಲ್ಡ್ ಅರೇ ರೇಡಿಯೊ ದೂರದರ್ಶಕದ ಡಿಜಿಟಲ್ ರಿಸೀವರುಗಳನ್ನು ರೂಪಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಆಂಟೆನಾಗಳಿಂದ ಬಂದ ಸಿಗ್ನಲನ್ನು ಸೆಕೆಂಡಿಗೆ 65.5 ಕೋಟಿ ಸ್ಯಾಂಪಲಿನಂತೆ ಹಿಡಿದು, ಅಲ್ಲೇ ಎಫ್‌ಪಿಜಿಎಯಲ್ಲಿ 1.28 ಮೆಗಾಹರ್ಟ್ಸ್ ಅಗಲದ 256 ಪಟ್ಟಿಗಳಾಗಿ ಬಿಡಿಸುತ್ತವೆ. ಅವುಗಳಲ್ಲಿ ಮುಂದಕ್ಕೆ ಹೋಗುವುದು ಆರಿಸಿದ 24 ಮಾತ್ರ. ಆಂಟೆನಾಗಳನ್ನು ಜೋಡಿಜೋಡಿಯಾಗಿ ಹೋಲಿಸುವ ಭಾರಿ ಲೆಕ್ಕ ಆಮೇಲೆ ಜಿಪಿಯುಗಳಿಗೆ. ಪುಣೆ ಬಳಿಯ ಖೋಡದ್‌ನಲ್ಲಿರುವ 30 ಆಂಟೆನಾಗಳ ಜಿಎಂಆರ್‌ಟಿಯನ್ನು ಉನ್ನತೀಕರಿಸಿದಾಗಲೂ ಇಂಥದೇ ಹಂಚಿಕೆ: ಸಿಗ್ನಲ್ ಹಿಡಿಯಲು ಎಫ್‌ಪಿಜಿಎ, ಎಫ್‌ಎಫ್‌ಟಿಗೂ ಹೋಲಿಕೆಗೂ ಜಿಪಿಯು. ಜಿಪಿಯುಗೆ ಸಾವಿರಾರು ಎಫ್‌ಎಫ್‌ಟಿಗಳನ್ನು ಒಟ್ಟಿಗೆ ಕೊಟ್ಟಾಗ ಅದು ತನ್ನ ಬಲ ತೋರಿಸುತ್ತದೆ. ಒಂದೊಂದಾಗಿ ಕೊಟ್ಟರೆ ದತ್ತವನ್ನು ಸಾಗಿಸುವುದರಲ್ಲೇ ಹೊತ್ತು ಹೋಗುತ್ತದೆ.

ಏನನ್ನೂ ಕೊಳ್ಳದೆಯೂ ಆಗಬಹುದು

ಕೆಲವು ಕೆಲಸಕ್ಕೆ ಎಫ್‌ಎಫ್‌ಟಿಯೇ ಬೇಡ. ನೋಡಬೇಕಾದ್ದು ಗೊತ್ತಿರುವ ಎಂಟ್ಹತ್ತು ಫ್ರೀಕ್ವೆನ್ಸಿ ಮಾತ್ರವಾದರೆ ಗೋರ್ಟ್‌ಸೆಲ್ ವಿಧಾನ ಸಾಕು. ಫೋನಿನ ಗುಂಡಿ ಒತ್ತಿದಾಗ ಕೇಳುವ ಸ್ವರಗಳನ್ನು ಗುರುತಿಸಲು ಅದನ್ನೇ ಬಳಸುತ್ತಾರೆ. ಮೆಮೊರಿ ಕೆಲವೇ ಬೈಟ್, ಊನೋ ಕೂಡ ನಿಭಾಯಿಸುತ್ತದೆ.

ಇನ್ನು ಕೆಲವಕ್ಕೆ ಹಾರ್ಡ್‌ವೇರ್ ಆಗಲೇ ಜೇಬಿನಲ್ಲಿದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನ ಮೈಕ್ ಮತ್ತು ಆಕ್ಸೆಲರೋಮೀಟರ್ ಎರಡರ ಸ್ಪೆಕ್ಟ್ರಮ್ಮನ್ನೂ ತೋರಿಸುತ್ತದೆ. ಮೃದಂಗದ ಕರಣೆಯ ಕಾರಣದಿಂದ ಅದರ ಉಪಸ್ವರಗಳು 1, 2, 3, 4, 5ರ ಸರಳ ಅನುಪಾತಕ್ಕೆ ಬಂದು ಕೂರುತ್ತವೆ ಎಂದು ಸಿ.ವಿ. ರಾಮನ್ ತೋರಿಸಿಕೊಟ್ಟಿದ್ದರು. ಅದನ್ನು ಇವತ್ತು ಬಲಗಡೆಯ ಮುಖಕ್ಕೆ ಫೋನು ಹಿಡಿದು ನೀವೇ ನೋಡಬಹುದು. ಪಂಪಿನ ವಿಷಯದಲ್ಲೂ ಹಾಗೆಯೇ. ಫೋನಿನ ಆಕ್ಸೆಲರೋಮೀಟರ್ ನಿಧಾನದ್ದು, ಆದರೂ ಸೆಕೆಂಡಿಗೆ 400 ಸ್ಯಾಂಪಲ್ ಕೊಡುವ ಫೋನಾದರೆ 48 ಹರ್ಟ್ಸ್ ಎಲ್ಲಿದೆ, ಅದರ ಪಕ್ಕ ಏನಿದೆ ಎಂಬ ಮೊದಲ ನೋಟ ಸಿಗುತ್ತದೆ. ಕೊಳ್ಳಬೇಕಾದ್ದರ ಅಂದಾಜಿಗೆ ಇಷ್ಟು ಸಾಕು.

ಕೊಂಡ ಮೇಲೆ, ಯಂತ್ರಕ್ಕೆ ಜೋಡಿಸುವ ಮುಂಚೆ, ಮೂರು ಪರೀಕ್ಷೆ ಮಾಡಿ. ಗೊತ್ತಿರುವ 1,000 ಹರ್ಟ್ಸ್ ಸ್ವರವನ್ನು ಕೊಟ್ಟು ಶಿಖರ ಅಲ್ಲೇ ಬರುತ್ತದೆಯೇ ನೋಡಿ. ಬೇರೆ ಕಡೆ ಬಂದರೆ ನೀವು ಅಂದುಕೊಂಡ ಸ್ಯಾಂಪಲ್ ವೇಗ ಸುಳ್ಳು. ಇನ್‌ಪುಟನ್ನು ನೆಲಕ್ಕೆ ಕಟ್ಟಿ ಬರೀ ಗದ್ದಲ ಎಷ್ಟಿದೆ ನೋಡಿ. ಅಲ್ಲಿ 50 ಹರ್ಟ್ಸ್ ಎದ್ದು ನಿಂತಿದ್ದರೆ ವೈರಿಂಗು, ಪವರ್ ಸಪ್ಲೈ ಸರಿಮಾಡಿ. ಕೊನೆಗೆ ಸ್ವರವನ್ನು ಸ್ಯಾಂಪಲ್ ವೇಗದ ಅರ್ಧಕ್ಕಿಂತ ಮೇಲೆ ಏರಿಸುತ್ತಾ ಹೋಗಿ. ಶಿಖರ ಮಾಯವಾಗಬೇಕು. ತಿರುಗಿ ಕೆಳಗೆ ನಡೆದು ಬರುತ್ತಿದ್ದರೆ ನಿಮ್ಮ ಫಿಲ್ಟರ್ ಕೆಲಸ ಮಾಡುತ್ತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬೋರ್ಡಾಗಲಿ, ಆನ್‌ಲೈನಿನಲ್ಲಿ ತರಿಸಿದ್ದಾಗಲಿ, ಈ ಪರೀಕ್ಷೆ ತಪ್ಪಿಸಬೇಡಿ. ಅಂಗಡಿಯವರು ಬದಲಾಯಿಸಿ ಕೊಡುವ ಗಡುವಿನೊಳಗೇ ಮುಗಿಸಿಕೊಳ್ಳಿ.

ನಮ್ಮ ಪಂಪಿಗೆ ನನ್ನ ಆಯ್ಕೆ ಹೀಗಿದೆ: ಐಐಎಸ್3ಡಿಡಬ್ಲ್ಯುಬಿ ಸೆನ್ಸರ್, ಹೌಸಿಂಗಿಗೆ ಸ್ಟಡ್ಡಿನಲ್ಲಿ ಬಿಗಿದದ್ದು, ಎಸ್‌ಪಿಐ ಮೂಲಕ ಎಫ್411 ಬೋರ್ಡಿಗೆ. ಗಡಿಯಾರ ಸೆನ್ಸರಿನೊಳಗೇ ಇರುವುದರಿಂದ ಓಲಾಟದ ಭಯವಿಲ್ಲ, ಆದರೆ ಅದರ 26,700 ನಿಖರ ಅಂಕಿಯಲ್ಲ, ಬೋರ್ಡಿನ ಕ್ರಿಸ್ಟಲಿಗೆ ಹೋಲಿಸಿ ಅಳೆದುಕೊಳ್ಳಬೇಕು. ಡಿಜಿಟಲ್ ಫಿಲ್ಟರ್ ಹಾಕಿ ಆರರಲ್ಲಿ ಒಂದನ್ನು ಉಳಿಸಿಕೊಂಡರೆ ಸೆಕೆಂಡಿಗೆ ಸುಮಾರು 4,450 ಸ್ಯಾಂಪಲ್, 4,096 ಪಾಯಿಂಟಿನ ಎಫ್‌ಎಫ್‌ಟಿಯಲ್ಲಿ ಗೆರೆಗಳ ಅಂತರ ಸುಮಾರು 1.09 ಹರ್ಟ್ಸ್. 96 ಮತ್ತು 100 ಬೇರೆಬೇರೆಯಾಗಿ ಕಾಣುತ್ತವೆ, ವಿಎಫ್‌ಡಿಯ 4 ಕಿಲೋಹರ್ಟ್ಸ್ ಕೆಳಗಿಳಿಯುವುದಿಲ್ಲ. ಈ ಜೋಡಿಯಲ್ಲಿ ಬೋರ್ಡಿಗಿಂತ ಸೆನ್ಸರಿಗೇ ಹೆಚ್ಚು ಹಣ ಹೋಗುತ್ತದೆ, ಹೋಗಬೇಕಾದ್ದೂ ಹಾಗೆಯೇ.